ಸೆಂಟ್ಸ್ ಲೆಕ್ಕದಲ್ಲಿ ಬೆಳೆಯುವ ಪೇಟೆ

ಕಾರ್ಕಳದಿಂದ ಉಡುಪಿ ರಸ್ತೆ ಹಿಡಿದವರಿಗೆ ಪುರಸಭೆ ಎಲ್ಲಿ ಮುಗಿಯಿತು, ಕುಕ್ಕುಂದೂರು ಗ್ರಾಮ ಪಂಚಾಯತ್ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ. ಅಂಗಡಿಗಳು, ಮನೆಗಳ ಆವರಣ ಗೋಡೆಗಳು, ಬಾಡಿಗೆಗೆ ಇದೆ ಎಂಬ ಬೋರ್ಡುಗಳು ಒಂದಕ್ಕೊಂದು ತಾಗಿಕೊಂಡೇ ಸಾಗುತ್ತವೆ. ಜೋಡುರಸ್ತೆ ಈಗ ಒಂದು ಪೇಟೆಯೇ. ಗಣಿತನಗರದಲ್ಲಿ ಜ್ಞಾನಸುಧಾ ಪದವಿಪೂರ್ವ ಕಾಲೇಜು ಬೆಳೆದ ಮೇಲಂತೂ ದೂರದೂರಿನ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಂದಿರಿಗೆ ಇದು ಹಳ್ಳಿ ಎಂದರೆ ನಂಬಿಕೆ ಬರಲಿಕ್ಕಿಲ್ಲ.

ಆದರೆ ಗಡಿ ಇದೆ, ಗಟ್ಟಿಯಾಗಿಯೇ ಇದೆ. ಅದರ ಈಚೆ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, ಆಚೆ 1993ರ ಪಂಚಾಯತ್ ರಾಜ್ ಕಾಯ್ದೆ. ಈಚೆಯ ಮನೆಗೆ ನೀರಿನ ಯೋಜನೆ ಮಾಡುವ ಎಂಜಿನಿಯರು, ಒಳಚರಂಡಿ ಇದ್ದಲ್ಲಿ, ತಲೆಗೆ ದಿನಕ್ಕೆ 135 ಲೀಟರಿನ ಲೆಕ್ಕ ಹಿಡಿಯುತ್ತಾರೆ. ಆಚೆಯ ಮನೆಗೆ ಜಲಜೀವನ್ ಮಿಷನ್ ಗೊತ್ತುಮಾಡಿದ್ದು 55 ಲೀಟರ್. ಎರಡೂ ಕಡೆಯ ಮನೆಗಳಲ್ಲಿರುವುದು ಒಂದೇ ಬಗೆಯ ಬಚ್ಚಲು, ಒಂದೇ ಬಗೆಯ ವಾಷಿಂಗ್ ಮೆಷಿನ್. ಬಳಸಿದ ನೀರು ಹರಿದು ಹೋಗುವುದೂ ಒಂದೇ ಇಳಿಜಾರಿನಲ್ಲಿ, ಒಂದೇ ತೋಡಿಗೆ.

ನಗರ ಬೆಳೆಯುವುದೆಂದರೆ ನಮಗೆ ಥಟ್ಟನೆ ನೆನಪಾಗುವುದು ಬೆಂಗಳೂರು. ಜನ ಉಕ್ಕಿ ಬರುತ್ತಾರೆ, ಊರು ಹಿಗ್ಗುತ್ತದೆ ಎಂಬುದು ಅಲ್ಲಿಯ ಕಥೆ. ನಮ್ಮ ಜಿಲ್ಲೆಯ ಕಥೆ ಬೇರೆ. 2001ರಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,12,243 ಇತ್ತು. 2011ರಲ್ಲಿ ಅದು 11,77,361 ಆಯಿತು. ಹತ್ತು ವರ್ಷಕ್ಕೆ ಶೇಕಡಾ ಆರನ್ನೂ ಮುಟ್ಟದ ಏರಿಕೆ. ಅದೇ ಹತ್ತು ವರ್ಷದಲ್ಲಿ ಇಡೀ ರಾಜ್ಯ ಬೆಳೆದದ್ದು ಶೇಕಡಾ 15.6. ಜನ ಇಷ್ಟು ನಿಧಾನವಾಗಿ ಹೆಚ್ಚುತ್ತಿದ್ದರೂ ಮಣಿಪಾಲದಿಂದ ಹಿರಿಯಡಕದವರೆಗೆ, ಕಾಪುವಿನ ಹೆದ್ದಾರಿಯ ಎರಡೂ ಬದಿಗೆ, ಕಾರ್ಕಳದಿಂದ ಕುಕ್ಕುಂದೂರು, ನಿಟ್ಟೆ, ಮಿಯ್ಯಾರಿನ ಕಡೆಗೆ ಮನೆಗಳು ಎದ್ದವು, ಗುಡ್ಡಗಳು ಚಪ್ಪಟೆಯಾದವು, ಗದ್ದೆಗಳಿಗೆ ಮಣ್ಣು ಬಿತ್ತು. ಇಲ್ಲಿ ಹಬ್ಬುತ್ತಿರುವುದು ಕಟ್ಟಿದ ನೆಲ. ಜನದ ಲೆಕ್ಕವನ್ನೇ ನೋಡುತ್ತ ಕೂತರೆ ಈ ಬೆಳವಣಿಗೆ ಸರಕಾರದ ಕಣ್ಣಿಗೆ ಬೀಳುವುದೇ ಇಲ್ಲ. 2011ರ ಬಳಿಕ ಗಣತಿಯೂ ಆಗಲಿಲ್ಲ. ಮುಂದಿನ ಗಣತಿಯ ಲೆಕ್ಕ ಹಿಡಿಯುವುದು 2027ರ ಮಾರ್ಚ್ 1ಕ್ಕೆ. ಅಷ್ಟರಲ್ಲಿ ಒಂದು ಊರು ತನ್ನ ರೂಪವನ್ನೇ ಬದಲಿಸಿಬಿಡಬಹುದು.

ಏಕೆ ಹೀಗೆ ಎಂಬುದಕ್ಕೆ ಉತ್ತರ ನಮ್ಮ ಆಸ್ತಿಯ ಚರಿತ್ರೆಯಲ್ಲಿದೆ. ಅಳಿಯಸಂತಾನ ಕುಟುಂಬಗಳ ಆಸ್ತಿಯನ್ನು ಪಾಲು ಮಾಡಿಕೊಳ್ಳಲು 1949ರ ಮದ್ರಾಸ್ ಕಾಯ್ದೆ ದಾರಿ ತೆರೆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿ ಒಕ್ಕಲುಗಳನ್ನು ಭೂಮಾಲೀಕರನ್ನಾಗಿ ಮಾಡಿತು. ಕರಾವಳಿಯಲ್ಲಿ ಅದು ನಿಜಕ್ಕೂ ನಡೆದ ಸುಧಾರಣೆ. ಗೇಣಿಯ ಡಿಕ್ಲರೇಶನ್ ಕೊಟ್ಟು ಎರಡೋ ಮೂರೋ ಎಕ್ರೆ ಪಡೆದ ಕುಟುಂಬಗಳು ಆ ಬಲದ ಮೇಲೆ ಮಕ್ಕಳನ್ನು ಓದಿಸಿದವು. ಮಕ್ಕಳು ಮುಂಬಯಿಗೆ, ಕೊಲ್ಲಿ ದೇಶಗಳಿಗೆ, ಬೆಂಗಳೂರಿಗೆ ಹೋದರು. ಅವರ ದುಡಿಮೆಯ ಹಣ ಊರಿನಲ್ಲಿ ಮನೆಯಾಗಿ ನಿಂತಿತು. ಮುಂದಿನ ತಲೆಮಾರಿನಲ್ಲಿ ಮೂರು ಎಕ್ರೆ ಐದು ಪಾಲಾಯಿತು. ಬೇಸಾಯಕ್ಕೆ ಆಳು ಸಿಗದೆ ಗದ್ದೆ ಹಡಿಲು ಬಿತ್ತು. ಹಡಿಲು ಬಿದ್ದ ಗದ್ದೆಯ ಪಕ್ಕದಲ್ಲಿ ಡಾಮರು ರಸ್ತೆ ಬಂದಾಗ ಎಕ್ರೆಯ ಮಾತು ನಿಂತು ಸೆಂಟ್ಸಿನ ಮಾತು ಶುರುವಾಯಿತು. ಐದು ಸೆಂಟ್ಸ್ ಮಾರಿ ಮಗಳ ಮದುವೆ, ಹತ್ತು ಸೆಂಟ್ಸ್ ಮಾರಿ ಮಗನ ಕಾಲೇಜು. ಇದರಲ್ಲಿ ಯಾರ ತಪ್ಪೂ ಇಲ್ಲ. ಮಾರಿದವರಿಗೂ ಕೊಂಡವರಿಗೂ ತಕ್ಕ ಕಾರಣವಿದೆ. ತಪ್ಪಿದ್ದರೆ ಅದು ಹೀಗೆ ಸೆಂಟ್ಸ್ ಸೆಂಟ್ಸ್ ಆಗಿ ಕೂಡುವ ಮೊತ್ತಕ್ಕೆ ಯಾರೂ ಹೊಣೆಯಾಗದ ವ್ಯವಸ್ಥೆಯದು.

ಆ ಮೊತ್ತ ಎಂಥದೆಂದು ಅಳೆಯಲು ಮೊದಲು ಮಳೆಯನ್ನು ನೋಡಬೇಕು. ಘಟ್ಟದ ಬುಡದ ಕಾರ್ಕಳ ಸೀಮೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ. ಒಂದು ಸೆಂಟ್ಸ್ ಅಂದರೆ 435.6 ಚದರಡಿ, ಐದು ಸೆಂಟ್ಸ್ ಅಂದರೆ ಸುಮಾರು 202 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಬೀಳುವ ನೀರು ಎಂಟು ಲಕ್ಷ ಲೀಟರ್. ಆಟಿ ತಿಂಗಳ ಒಂದು ಜೋರು ದಿನ, 100 ಮಿಲಿಮೀಟರ್ ಸುರಿದರೆ, 20,000 ಲೀಟರ್. ಆ ಐದು ಸೆಂಟ್ಸ್ ಗದ್ದೆಯಾಗಿದ್ದಾಗ ನೀರು ಹುಣಿಯೊಳಗೆ ನಿಂತು, ಒಂದಷ್ಟು ಇಂಗಿ, ಉಳಿದದ್ದು ಕೆಳಗಿನ ಗದ್ದೆಗೆ ಇಳಿದು, ತಡೆತಡೆದು ತೋಡು ಸೇರುತ್ತಿತ್ತು. ಈಗ ಅಲ್ಲಿ ತಾರಸಿ ಇದೆ, ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆ. ಹೀಗೆ ಐವತ್ತು ಮನೆಗಳಾದರೆ ಅದೇ ಒಂದು ದಿನದ ಮಳೆ ಹತ್ತು ಲಕ್ಷ ಲೀಟರ್ ನೀರನ್ನು ಎಲ್ಲಿಯೂ ನಿಲ್ಲಗೊಡದೆ ಕೆಳಗೆ ತಳ್ಳುತ್ತದೆ. ಮೊದಲು ನಿಧಾನವಾಗಿ ಬರುತ್ತಿದ್ದ ನೀರು ಈಗ ಬಿದ್ದೊಡನೆ ತೋಡಿಗೆ ಬರುತ್ತದೆ. ತೋಡಿನ ಅಗಲ ಮಾತ್ರ ಕಡಿಮೆಯಾಗಿದೆ, ಯಾಕೆಂದರೆ ಅದರ ಬದಿಯಲ್ಲಿ ಆವರಣ ಗೋಡೆ ಬಂದಿದೆ, ದಾಟಲು ಹಾಕಿದ ಮೋರಿಯ ಪೈಪು ಬೇಸಗೆಯ ನೀರಿನ ಅಳತೆಯದು.

ತುಳುನಾಡಿನ ರೈತರು ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದು ನೀರಿನ ಲೆಕ್ಕದಲ್ಲಿಯೇ. ಬೈಲು ತಗ್ಗು, ನೀರು ನಿಲ್ಲುವ ಜಾಗ, ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕೊಡುತ್ತಿದ್ದ ಗದ್ದೆ. ಮಜಲು ನಡುವಿನದು. ಬೆಟ್ಟು ಮೇಲಿನದು, ಮಳೆಯೊಂದನ್ನೇ ನಂಬಿದ ಒಂದು ಬೆಳೆಯ ಗದ್ದೆ. ಅದಕ್ಕೂ ಮೇಲೆ ಮುರಕಲ್ಲಿನ ಪದವು, ಹುಲ್ಲು, ಕುರುಚಲು. ಪದವಿನ ಬುಡದಲ್ಲೊಂದು ಮದಕ, ಮಳೆನೀರನ್ನು ಹಿಡಿದಿಟ್ಟು ಕೆಳಗಿನ ಬಾವಿಗಳಿಗೆ ಒಸರು ಕೊಡಲು. ಮಳೆ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ. ಹಳಬರ ಮನೆಗಳನ್ನು ನೋಡಿದರೆ ಅವು ಬೈಲಿನೊಳಗೆ ಇಲ್ಲ, ಗದ್ದೆಗೆ ಮುಖ ಮಾಡಿ ಬೆಟ್ಟಿನ ಅಂಚಿನಲ್ಲಿವೆ. ಮನೆ ಎಲ್ಲಿರಬೇಕು, ನೀರು ಎಲ್ಲಿರಬೇಕು ಎಂಬ ಯೋಜನೆ ಇಲ್ಲಿ ಕಾಯ್ದೆ ಹುಟ್ಟುವ ಮೊದಲೇ ಇತ್ತು. ಕಾಯ್ದೆ ಬಂದ ಮೇಲೆ ಅದು ಯಾವ ನಕ್ಷೆಯಲ್ಲೂ ಸೇರಲಿಲ್ಲ. ಇವತ್ತು ಪದವನ್ನು ಜೆಸಿಬಿಯಲ್ಲಿ ಕೊರೆದು ಆ ಮಣ್ಣನ್ನೇ ತಂದು ಬೈಲಿಗೆ ತುಂಬಿಸುತ್ತಾರೆ. ಒಂದೇ ಕೆಲಸದಲ್ಲಿ ನೀರು ಇಂಗುವ ಮೇಲಿನ ಜಾಗವೂ ಹೋಯಿತು, ನೀರು ನಿಲ್ಲುವ ಕೆಳಗಿನ ಜಾಗವೂ ಹೋಯಿತು.

2020ರ ಸೆಪ್ಟೆಂಬರ್ 20ರಂದು ಸ್ವರ್ಣಾ ನದಿ ಉಕ್ಕಿ ಉಡುಪಿಯ ತಗ್ಗು ಪ್ರದೇಶಗಳೆಲ್ಲ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಅದರ ಹಿಂದಿನ ವರ್ಷ, 2019ರ ಮೇಯಲ್ಲಿ, ಅದೇ ನದಿಯ ಬಜೆ ಅಣೆಕಟ್ಟು ಬತ್ತಿ, ಮೇಲ್ಗಡೆಯ ಗುಂಡಿಗಳಿಂದ ನೀರು ಪಂಪ್ ಮಾಡಿ ನಗರಕ್ಕೆ ಕೊಡಬೇಕಾಗಿ ಬಂದಿತ್ತು. ಹದಿನಾರು ತಿಂಗಳ ಅಂತರದಲ್ಲಿ ಒಂದೇ ನದಿಯಲ್ಲಿ ಬರವೂ ನೆರೆಯೂ. ಸ್ವರ್ಣೆ ಹುಟ್ಟುವುದು ಕಾರ್ಕಳ ತಾಲೂಕಿನ ಘಟ್ಟದಲ್ಲಿ. ಮುಂಡ್ಲಿಯಲ್ಲಿ ಕಾರ್ಕಳ ಪೇಟೆಗೆ ಕುಡಿಯಲು ಕೊಟ್ಟು, ಎಣ್ಣೆಹೊಳೆ ದಾಟಿ, ಬಜೆಯಲ್ಲಿ ಉಡುಪಿ ಮಣಿಪಾಲಕ್ಕೆ ಕೊಟ್ಟು, ಆಮೇಲೆ ಸಮುದ್ರದ ಕಡೆಗೆ ಹೋಗುತ್ತದೆ. ಹಾಗಾಗಿ ಕಾರ್ಕಳದ ಸುತ್ತಲಿನ ಹಳ್ಳಿಗಳಲ್ಲಿ ಒಂದು ಗುಡ್ಡ ಬೋಳಾದರೆ, ಒಂದು ಮದಕ ಮುಚ್ಚಿದರೆ, ಅದು ಆ ಪಂಚಾಯತಿನ ಒಳವಿಷಯವಾಗಿ ಉಳಿಯುವುದಿಲ್ಲ. ಉಡುಪಿ ನಗರಸಭೆ ವಾರಾಹಿಯಿಂದ ನೀರು ತರುವ ಯೋಜನೆಗೆ ಕೈಹಾಕಿದ್ದು ಒಳ್ಳೆಯದೇ. ಆದರೆ ಇನ್ನೊಂದು ನದಿಗೆ ಪೈಪು ಹಾಕುವುದಕ್ಕೆ ಸಿಕ್ಕ ಹಣ ಮತ್ತು ಆಸಕ್ತಿಯ ಒಂದು ಪಾಲು ಸ್ವರ್ಣೆಯ ಮೇಲ್ಸೀಮೆಗೂ ಸಿಗಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀರಿನ ಇನ್ನೊಂದು ಲೆಕ್ಕ ಬಾವಿಯದು. ನಮ್ಮಲ್ಲಿ ಮನೆಗೊಂದು ಬಾವಿ, ಮನೆಗೊಂದು ಕಕ್ಕಸು ಗುಂಡಿ. ಶೌಚದ ನೀರು ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಮೂಲದಿಂದ 18 ಮೀಟರಿಗಿಂತ ಹತ್ತಿರ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೆ ಅದರ ಒಂದು ಬದಿ 14 ಮೀಟರ್, ಮೂಲೆಯಿಂದ ಮೂಲೆಗೆ 20 ಮೀಟರ್. ಅಂದರೆ ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ ತೋಡಿದರೆ ಹೇಗೋ ನಿಯಮ ಪಾಲಿಸಬಹುದು. ಆದರೆ ಆ ಎದುರು ಮೂಲೆಯ ಆಚೆ ನೆರೆಮನೆಯವರ ಬಾವಿ ಇದೆ. ಎರಡೂ ಮನೆಯವರು ಒಬ್ಬರನ್ನೊಬ್ಬರು ಕೇಳಿ ಗುಂಡಿ ತೋಡಿದರೂ ಮೂರನೆಯ ಮನೆ ಬಂದಾಗ ಲೆಕ್ಕ ತಪ್ಪಬಹುದು. ಮುರಕಲ್ಲು ತೂತುತೂತಾದ ಕಲ್ಲು, ಮಳೆಗಾಲದಲ್ಲಿ ಅದರೊಳಗೆ ನೀರು ಸರಾಗವಾಗಿ ಓಡಾಡುತ್ತದೆ. ಅರ್ಧ ಎಕ್ರೆಗೊಂದು ಮನೆ ಇದ್ದ ಕಾಲಕ್ಕೆ ಈ ಪದ್ಧತಿ ಸರಿಯಿತ್ತು. ಐದೈದು ಸೆಂಟ್ಸಿನ ಮನೆಗಳು ಸಾಲಾಗಿ ಬಂದಲ್ಲಿ ಅದನ್ನು ಪಾಲಿಸುವುದು ಬಹಳ ಕಷ್ಟ. ಇಂಥ ಕಡೆ ಬೇಕಾದದ್ದು ಒಂದೋ ಕೂಡು ಬಾವಿ, ಇಲ್ಲವೇ ಹತ್ತಿಪ್ಪತ್ತು ಮನೆಗಳಿಗೆ ಸೇರಿ ಒಂದು ಸಣ್ಣ ಕೊಳಚೆ ನೀರು ಶುದ್ಧೀಕರಣ ಘಟಕ. ಎರಡಕ್ಕೂ ಸಾಮೂಹಿಕ ಜಾಗ ಬೇಕು. ಬಿಡಿ ನಿವೇಶನಗಳ ನಡುವೆ ಸಾಮೂಹಿಕ ಜಾಗವೇ ಹುಟ್ಟುವುದಿಲ್ಲ.

ಇಡೀ ಸಮಸ್ಯೆಯ ಗಂಟು ಇಲ್ಲಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ ನಿವೇಶನಗಳ ಬಡಾವಣೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬಡಾವಣೆ ಮಾಡುವವರು ರಸ್ತೆ ಬಿಡಬೇಕು, ಉದ್ಯಾನಕ್ಕೆ, ನಾಗರಿಕ ಸೌಕರ್ಯಕ್ಕೆ ಜಾಗ ಬಿಡಬೇಕು, ಚರಂಡಿ ಮಾಡಿಕೊಡಬೇಕು. ಬಯಲುಸೀಮೆಯಲ್ಲಿ ಹತ್ತೋ ಇಪ್ಪತ್ತೋ ಎಕ್ರೆಗೆ ಒಬ್ಬರೇ ಬಡಾವಣೆ ಹಾಕುತ್ತಾರೆ, ನಿಯಮ ಹೇರಲು ಒಬ್ಬರು ಸಿಗುತ್ತಾರೆ. ನಮ್ಮಲ್ಲಿ ಒಂದು ಎಕ್ರೆ ಗದ್ದೆ ಹತ್ತು ವರ್ಷಗಳಲ್ಲಿ ಐದೈದು ಸೆಂಟ್ಸಾಗಿ ಇಪ್ಪತ್ತು ಮಂದಿಗೆ ಹೋಗುತ್ತದೆ. ಅದು ಯಾವತ್ತೂ ಬಡಾವಣೆ ಎನಿಸಿಕೊಳ್ಳುವುದಿಲ್ಲ. 500 ಚದರ ಮೀಟರಿಗಿಂತ ಚಿಕ್ಕ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ ನೋಂದಣಿಯಿಂದಲೂ ಹೊರಗೆ. ಇಪ್ಪತ್ತು ಮನೆ ಆದ ಮೇಲೆ ನೋಡಿದರೆ ನಡುವೆ ಉಳಿದಿರುವುದು ರಿಕ್ಷಾ ಮಾತ್ರ ಹೋಗುವಷ್ಟು ದಾರಿ. ಬೆಂಕಿ ನಂದಿಸುವ ವಾಹನ ಒಳಗೆ ಬಾರದು, ಕಸದ ಗಾಡಿ ತಿರುಗದು, ಮಳೆನೀರಿಗೆ ಚರಂಡಿ ಮಾಡಲು ಯಾರ ಜಾಗವೂ ಇಲ್ಲ.

ಇದನ್ನು ತಡೆಯಲು ಸರಕಾರ ಹಿಡಿದದ್ದು ಕಾಗದದ ದಾರಿ. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನಲ್ಲಿ ಕನ್ವರ್ಶನ್, ಆಮೇಲೆ ಯೋಜನಾ ಪ್ರಾಧಿಕಾರದಿಂದ ಏಕ ನಿವೇಶನ ವಿನ್ಯಾಸಕ್ಕೆ ಅನುಮೋದನೆ, ಆಮೇಲೆ ಪಂಚಾಯತಿನ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11. ಕರಾವಳಿಯಲ್ಲಿ ಜಾಗ ಕೊಳ್ಳುವವರು ಮೊದಲು ಕೇಳುವುದೇ ನೈನ್ ಇಲೆವೆನ್ ಆಗಿದೆಯೇ ಎಂದು. ಅದಿಲ್ಲದೆ ಬ್ಯಾಂಕ್ ಸಾಲವಿಲ್ಲ, ಮನೆ ಕಟ್ಟುವ ಪರವಾನಿಗೆ ಇಲ್ಲ. ಪಂಚಾಯತಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಪ್ರಾಧಿಕಾರದ ಕಚೇರಿಗೆ ಅಲೆಯಬೇಕಾಗಿ ಬಂದಾಗ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಕೂಗೆದ್ದಿತು. ಆ ಕೂಗಿನಲ್ಲಿ ನ್ಯಾಯವಿದೆ. ನಿಯಮಗಳ ಹಿಂದಿರುವ ಕಲ್ಪನೆ ಗ್ರಾಮಠಾಣದ್ದು: ಮನೆಗಳೆಲ್ಲ ಒತ್ತೊತ್ತಾಗಿರುವ ಊರು, ಅದರ ಸುತ್ತ ಹೊಲ. ತುಳುನಾಡಿನಲ್ಲಿ ಅಂಥ ಊರಿಲ್ಲ. ಇಲ್ಲಿ ಪ್ರತಿ ಮನೆಯೂ ತನ್ನ ಗದ್ದೆ ತೋಟದ ಬದಿಯಲ್ಲಿದೆ, ಮೈಲಿಗಟ್ಟಲೆ ಹರಡಿಕೊಂಡಿದೆ. ಅಜ್ಜನ ಕಾಲದಿಂದ ವಾಸವಿರುವ ಮನೆಯನ್ನೂ ಕೃಷಿಭೂಮಿಯಲ್ಲಿ ಹೊಸದಾಗಿ ಎದ್ದ ಕಟ್ಟಡವೆಂದು ಎಣಿಸಿದರೆ ಜನ ಸಿಟ್ಟಾಗುವುದು ಸಹಜ.

ಆದರೆ ಅನುಮೋದನೆಯ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಜಗಳದಲ್ಲಿ ನಿಜವಾದ ಪ್ರಶ್ನೆ ಹಿಂದೆ ಬಿತ್ತು. ಪಂಚಾಯತಿನಲ್ಲಾಗಲಿ ಪ್ರಾಧಿಕಾರದಲ್ಲಾಗಲಿ ಪರಿಶೀಲನೆ ಆಗುವುದು ಆ ಒಂದು ನಿವೇಶನದ ನಕ್ಷೆಯದು. ಎಷ್ಟು ಅಡಿ ಬಿಟ್ಟಿದ್ದಾರೆ, ದಾರಿ ಎಷ್ಟು ಅಗಲವಿದೆ ಎಂದು. ಆ ನಿವೇಶನ ಬೈಲಿನಲ್ಲಿದೆಯೇ, ಪಕ್ಕದ ತೋಡು ಎಷ್ಟು ನೀರು ಹೊರಬೇಕು, ಇದೇ ಗದ್ದೆಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ಎಷ್ಟು ಮನೆಗೆ ಅನುಮತಿ ಕೊಟ್ಟಾಗಿದೆ ಎಂಬುದನ್ನು ಒಂದು ಕಡೆ ಕೂಡಿಸಿ ನೋಡುವ ಮೇಜು ಎಲ್ಲಿಯೂ ಇಲ್ಲ. ಹಾಗೆ ನೋಡಬಲ್ಲ ಸಾಧನ ಮಹಾಯೋಜನೆ, ಮಾಸ್ಟರ್ ಪ್ಲ್ಯಾನ್. ಅದೂ ನಮ್ಮ ಕಡೆ ರಸ್ತೆಯ ಉದ್ದಕ್ಕೆ ವಾಸದ ಹಳದಿ, ಒಳಗೆ ಕೃಷಿಯ ಹಸಿರು ಬಳಿಯುವ ಕೆಲಸವಾಗಿ ಮುಗಿದರೆ ಪ್ರಯೋಜನವಿಲ್ಲ. ಇಳಿಜಾರು ಮತ್ತು ತೋಡು ಇಲ್ಲದ ನಕ್ಷೆ ತುಳುನಾಡಿನ ನಕ್ಷೆಯೇ ಅಲ್ಲ.

ಕುಕ್ಕುಂದೂರಿನಂಥ ಊರುಗಳನ್ನು ಪುರಸಭೆಗೆ ಸೇರಿಸಿಬಿಟ್ಟರೆ ಎಲ್ಲ ಸರಿಹೋದೀತೇ? ಸಂವಿಧಾನದ 74ನೇ ತಿದ್ದುಪಡಿ, 1993ರ ಜೂನ್ 1ರಿಂದ ಜಾರಿಗೆ ಬಂದದ್ದು, ಹಳ್ಳಿಯಿಂದ ನಗರಕ್ಕೆ ದಾಟುತ್ತಿರುವ ಪ್ರದೇಶಗಳಿಗೆಂದೇ ಪಟ್ಟಣ ಪಂಚಾಯತಿಯನ್ನು ಇಟ್ಟಿದೆ. ರಾಜ್ಯದ ಕಾಯ್ದೆಯಂತೆ 10,000ದಿಂದ 20,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಮಂದಿ, ದುಡಿಯುವವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಕೃಷಿಯೇತರ ಕೆಲಸದಲ್ಲಿರಬೇಕು. ಪುರಸಭೆಗಾದರೆ 20,000 ದಾಟಬೇಕು, ಸಾಂದ್ರತೆ 1,500 ಇರಬೇಕು. ಜನಗಣತಿಯವರಿಗೆ ಇನ್ನೊಂದು ಅಳತೆ: 5,000 ಜನ, 400 ಸಾಂದ್ರತೆ, ಗಂಡಸರ ಮುಖ್ಯ ದುಡಿಮೆಯಲ್ಲಿ ಮುಕ್ಕಾಲು ಪಾಲು ಕೃಷಿಯೇತರ. ಅದು ಕೂಡಿಬಂದರೆ ಆಡಳಿತ ಪಂಚಾಯತಿನದೇ ಆಗಿದ್ದರೂ ಗಣತಿಯ ಪುಸ್ತಕದಲ್ಲಿ ಅದು ಪಟ್ಟಣ. ದೇಶದಲ್ಲಿ ಇಂಥ ಗಣತಿ ಪಟ್ಟಣಗಳು 2001ರಲ್ಲಿ 1,362 ಇದ್ದವು, 2011ರಲ್ಲಿ 3,900ರ ಹತ್ತಿರ ಬಂದವು. ಪಟ್ಟಣದ ಬದುಕು, ಹಳ್ಳಿಯ ಆಡಳಿತ ಇರುವ ಊರುಗಳು ಹತ್ತು ವರ್ಷದಲ್ಲಿ ಸುಮಾರು ಮೂರು ಪಟ್ಟಾದವು.

ಜನ ಪುರಸಭೆ ಬೇಡ ಎನ್ನುವುದಕ್ಕೆ ಕಾರಣಗಳಿವೆ. ಗ್ರಾಮ ಪಂಚಾಯತಿನಲ್ಲಿ 400 ಮಂದಿಗೆ ಒಬ್ಬ ಸದಸ್ಯರಿರುತ್ತಾರೆ. ಹತ್ತು ಸಾವಿರ ಜನರ ಪಂಚಾಯತಿಗೆ 25 ಸದಸ್ಯರು. ಅದೇ ಜನ, 2011ರಲ್ಲಿ 25,000 ದಾಟಿದ್ದ ಕಾರ್ಕಳದಂಥ 23 ವಾರ್ಡಿನ ಪುರಸಭೆಗೆ ಸೇರಿದರೆ ಅವರ ಪಾಲಿಗೆ ಬರುವುದು ಆರೇಳು ವಾರ್ಡ್. ಸಣ್ಣ ರಸ್ತೆಯ ದೀಪಕ್ಕೂ ಮನೆ ಬಾಗಿಲಿಗೆ ಬರುತ್ತಿದ್ದ ಸದಸ್ಯರು ದೂರವಾಗುತ್ತಾರೆ. ಗ್ರಾಮೀಣ ಉದ್ಯೋಗ ಖಾತರಿಯಂಥ ಯೋಜನೆಗಳು ತಪ್ಪುತ್ತವೆ. ತೆರಿಗೆ ಏರುತ್ತದೆ. ಸರಕಾರಿ ಜಾಗದ ಮನೆಯ ಸಕ್ರಮ ಹಳ್ಳಿಯ 94ಸಿ ಬದಲು ಪಟ್ಟಣದ 94ಸಿಸಿಯ ಲೆಕ್ಕಕ್ಕೆ ಬೀಳುತ್ತದೆ. ಇಷ್ಟನ್ನೂ ಬಿಟ್ಟುಕೊಟ್ಟರೆ ಪ್ರತಿಯಾಗಿ ಸಿಗುವುದು ಏನು, ಯಾವಾಗ?

ಇದಕ್ಕೆ ಬೆಂಗಳೂರಿನ 110 ಹಳ್ಳಿಗಳ ಅನುಭವವೇ ಉತ್ತರ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆಯ ಜತೆ ಆ ಹಳ್ಳಿಗಳನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಿದರು. ಅವುಗಳಿಗೆಂದೇ ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಆ ಊರುಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ ಬೆಳೆದವು, ಮನೆಗಳೆಲ್ಲ ಎದ್ದ ಮೇಲೆ ಅಗೆದ ರಸ್ತೆಯಲ್ಲಿ ಪೈಪು ಬಂತು. ನಮ್ಮ ಪಕ್ಕದಲ್ಲೇ ಉಡುಪಿ ಇದೆ. 1995ರಲ್ಲಿ ಮಣಿಪಾಲ, ಮಲ್ಪೆ ಕಡೆಯ ಗ್ರಾಮಗಳನ್ನು ಸೇರಿಸಿಕೊಂಡು ಅದು ನಗರಸಭೆಯಾಯಿತು. ಈಗ 35 ವಾರ್ಡ್. ಒಳಚರಂಡಿ ಇಂದಿಗೂ ಎಲ್ಲ ವಾರ್ಡುಗಳನ್ನು ಮುಟ್ಟಿಲ್ಲ, ಇಂದ್ರಾಣಿ ತೋಡಿನ ಬದಿಯ ಜನ ಬಾವಿಗೆ ಸೇರುವ ಕೊಳಚೆ ನೀರಿನ ವಿರುದ್ಧ ವರ್ಷಗಟ್ಟಲೆ ದೂರುತ್ತ ಬಂದಿದ್ದಾರೆ. ಮಣಿಪಾಲವನ್ನು ಕುಕ್ಕುಂದೂರಿನವರು ಬೇರೆ ಕಾರಣಕ್ಕೂ ನೋಡಬೇಕು. 1953ರಲ್ಲಿ ಡಾ. ಟಿ.ಎಂ.ಎ. ಪೈ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದಾಗ ಅದು ಬೋಳು ಗುಡ್ಡ. ವಿದ್ಯಾಸಂಸ್ಥೆಯ ಆವರಣದೊಳಗೆ ಎಲ್ಲವೂ ಅಚ್ಚುಕಟ್ಟು. ಆದರೆ ವಿದ್ಯಾಸಂಸ್ಥೆ ತನ್ನ ಸುತ್ತ ಬಾಡಿಗೆ ಕೋಣೆ, ಮೆಸ್ಸು, ಅಂಗಡಿ, ವಾಹನಗಳ ಇನ್ನೊಂದು ಊರನ್ನು ಹುಟ್ಟಿಸುತ್ತದೆ. ಆ ಎರಡನೆಯ ಊರಿಗೆ ಯೋಜನೆ ಮಾಡುವವರು ಯಾರೆಂದು ಮೊದಲೇ ನಿರ್ಧಾರವಾಗಬೇಕು. 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದ ನಿಟ್ಟೆಗೂ, ಈಗ ಗಣಿತನಗರಕ್ಕೂ ಇದೇ ಪ್ರಶ್ನೆ.

ಕಾಪುವಿನಲ್ಲಿ ಕಾಪು, ಮಲ್ಲಾರು, ಉಳಿಯಾರಗೋಳಿ ಒಂದಾಗಿ ಪುರಸಭೆಯಾಗಿ ಸುಮಾರು ಹತ್ತು ವರ್ಷವಾಯಿತು, 2018ರಲ್ಲಿ ಅದು ತಾಲೂಕು ಕೇಂದ್ರವೂ ಆಯಿತು. ಕಡಲು ಒಂದು ಬದಿ, ರಾಷ್ಟ್ರೀಯ ಹೆದ್ದಾರಿ 66 ನಡುವೆ, ಗದ್ದೆಬೈಲು ಇನ್ನೊಂದು ಬದಿ. ಹೆಸರು ಬದಲಾದ ಮಾತ್ರಕ್ಕೆ ಬೈಲಿನ ನೀರಿಗೆ ಹೊಸ ದಾರಿ ಸಿಗುವುದಿಲ್ಲ.

ಹಾಗಾಗಿ ಪಂಚಾಯತೋ ಪುರಸಭೆಯೋ ಎಂಬ ವಾದವನ್ನು ಸ್ವಲ್ಪ ಬದಿಗಿಟ್ಟು, ಗಡಿ ಇದ್ದಲ್ಲೇ ಇದ್ದರೂ ಮಾಡಬಹುದಾದದ್ದನ್ನು ನೋಡೋಣ. ಉದಾಹರಣೆ ದೂರದಲ್ಲಿಲ್ಲ. ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ಬೇರ್ಪಡಿಸುವ ಎಂಆರ್‌ಎಫ್ ಘಟಕ ನಡೆಯುತ್ತಿದೆ. ಜಾಗ ಒಂದು ಪಂಚಾಯತಿನದು, ಕಸ ಸುತ್ತಲಿನ ಹಲವು ಪಂಚಾಯತುಗಳದು. ಒಂದೊಂದು ಪಂಚಾಯತು ಒಂಟಿಯಾಗಿ ಇಷ್ಟು ದೊಡ್ಡ ಯಂತ್ರ ಹಾಕಲಾರದು, ಹಾಕಿದರೂ ಅದಕ್ಕೆ ಸಾಲುವಷ್ಟು ಕಸವಿರದು. ಸೇರಿದ್ದರಿಂದ ಕೆಲಸ ಕೈಗೂಡಿತು. ರಾಜ್ಯದ ಹಳ್ಳಿಗಾಡಿನಲ್ಲಿ ಇದು ಮೊದಮೊದಲ ಪ್ರಯೋಗ, ಇದರ ಬಗ್ಗೆ ನಮಗೆ ಇನ್ನೂ ಹೆಚ್ಚು ಹೆಮ್ಮೆ ಇರಬೇಕಿತ್ತು. ಕಸಕ್ಕೆ ಆದ ಒಡಂಬಡಿಕೆ ಕಕ್ಕಸು ಗುಂಡಿಯ ಮಲತ್ಯಾಜ್ಯಕ್ಕೆ, ಮಳೆನೀರಿಗೆ, ಕೂಡುರಸ್ತೆಗೆ ಏಕೆ ಆಗಬಾರದು?

ಗದ್ದೆಯ ವಿಷಯದಲ್ಲಿ ಕಾಸರಗೋಡಿನ ನಮ್ಮ ಕನ್ನಡಿಗ ಬಂಧುಗಳನ್ನು ಕೇಳಬಹುದು. ಕೇರಳದ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆ ಕಾಯ್ದೆಯಂತೆ ಪ್ರತಿ ಪಂಚಾಯತಿನಲ್ಲೂ ಉಳಿದಿರುವ ಗದ್ದೆಗಳ ದತ್ತಾಂಶ ಪಟ್ಟಿ ಇರಬೇಕು. ಪಟ್ಟಿಯಲ್ಲಿರುವ ಗದ್ದೆಗೆ ಮಣ್ಣು ತುಂಬಿಸುವುದು ಅಪರಾಧ. ಕಾಯ್ದೆ ಆಮೇಲೆ ಸಡಿಲವಾಯಿತು, ಪಟ್ಟಿಗಳಲ್ಲಿ ತಪ್ಪುಗಳಿವೆ ಎಂಬ ದೂರೂ ಇದೆ, ಸಣ್ಣ ಹಿಡುವಳಿದಾರರಿಗೆ ಕಷ್ಟವೂ ಆಗಿದೆ. ಆದರೂ ಯಾವುದು ಬೈಲು ಎಂದು ಊರಿಗೆ ಊರೇ ಬರೆದಿಟ್ಟುಕೊಳ್ಳುವುದು ದೊಡ್ಡ ಕೆಲಸ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ನಾಟಿ ಮಾಡುವ ಆಂದೋಲನ ನಡೆದಾಗ ಜನ ತೋರಿದ ಉತ್ಸಾಹ ನೋಡಿದರೆ, ಇಲ್ಲಿಯೂ ಅದಕ್ಕೆ ಮನಸ್ಸಿಲ್ಲ ಎನ್ನಲಾಗದು. ಬೈಲನ್ನು ಹಾಗೇ ಉಳಿಸಿಕೊಂಡವರಿಗೆ ಪ್ರತಿಫಲ ಸಿಗಬೇಕು. ನೆರೆ ತಡೆಯುವ ಜಾಗ ಇಟ್ಟುಕೊಂಡವರು ಊರಿಗೆ ಸೇವೆ ಮಾಡುತ್ತಿದ್ದಾರೆ, ಅದರ ನಷ್ಟವನ್ನು ಅವರೊಬ್ಬರೇ ಹೊರುವುದು ಅನ್ಯಾಯ.

ಸೆಂಟ್ಸ್ ಸೆಂಟ್ಸಾಗಿ ಹರಿದ ನೆಲದಲ್ಲಿ ರಸ್ತೆ, ಚರಂಡಿಗೆ ಜಾಗ ಹುಟ್ಟಿಸುವುದಕ್ಕೂ ದಾರಿ ಇದೆ. ಗುಜರಾತಿನಲ್ಲಿ 1915ರ ಮುಂಬಯಿ ಕಾಯ್ದೆಯ ಕಾಲದಿಂದ ಬಂದ ನಗರ ಯೋಜನಾ ಸ್ಕೀಮು ಇಂದಿಗೂ ಬಳಕೆಯಲ್ಲಿದೆ. ಒಂದು ಪ್ರದೇಶದ ಎಲ್ಲ ಜಾಗಗಳನ್ನು ನಕ್ಷೆಯಲ್ಲಿ ಒಟ್ಟುಗೂಡಿಸಿ, ಪ್ರತಿಯೊಬ್ಬರಿಂದಲೂ ಒಂದಷ್ಟು ಪಾಲು ರಸ್ತೆಗೆ, ಉದ್ಯಾನಕ್ಕೆ ತೆಗೆದು, ಉಳಿದದ್ದನ್ನು ಸರಿಯಾದ ಆಕಾರದಲ್ಲಿ ಅದೇ ಮಾಲೀಕರಿಗೆ ಮರಳಿಸುತ್ತಾರೆ. ಯಾರ ಜಾಗವೂ ಪೂರ್ತಿ ಹೋಗುವುದಿಲ್ಲ, ಎಲ್ಲರ ಜಾಗಕ್ಕೂ ದಾರಿ ಸಿಗುತ್ತದೆ. ಅಹಮದಾಬಾದಿನ ಹೊರವಲಯ ಬೆಳೆದದ್ದು ಹೆಚ್ಚಾಗಿ ಹೀಗೆ. ನಮ್ಮ 1961ರ ಕಾಯ್ದೆಯಲ್ಲಿಯೂ ಈ ಸ್ಕೀಮಿಗೆ ಒಂದು ಅಧ್ಯಾಯವೇ ಇದೆ, ಬಳಕೆಯಾಗುವುದು ಅಪರೂಪ. ಕರಾವಳಿಗೆ ಅದನ್ನು ಹೊಂದಿಸಲು ಒಂದು ಬದಲಾವಣೆ ಸಾಕು: ಎಲ್ಲರೂ ಬಿಡುವ ಪಾಲಿನಲ್ಲಿ ಮೊದಲನೆಯದು ತೋಡಿಗೆ, ಎರಡನೆಯದು ರಸ್ತೆಗೆ.

ಇದನ್ನೆಲ್ಲ ಕೂಡಿಸಬೇಕಾದ ಸಂಸ್ಥೆಯನ್ನು ಸಂವಿಧಾನವೇ ಹೇಳಿದೆ. 243ಝಡ್‌ಡಿ ವಿಧಿಯ ಪ್ರಕಾರ ಜಿಲ್ಲಾ ಯೋಜನಾ ಸಮಿತಿ ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಂದಾಗಿಸಬೇಕು, ನೀರಿನ ಹಂಚಿಕೆಯಂಥ ಜಂಟಿ ವಿಷಯಗಳನ್ನು ನೋಡಬೇಕು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯತ್ ಮತ್ತು ನಗರಾಡಳಿತಗಳ ಚುನಾಯಿತರಿಂದ ಬರಬೇಕು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತುಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರಿಲ್ಲದ ಜಿಲ್ಲಾ ಪಂಚಾಯತಿನಿಂದ ಎಂಥ ಯೋಜನಾ ಸಮಿತಿ ಬಂದೀತು? ಮುಂಡ್ಲಿಯಿಂದ ಬಜೆಯವರೆಗಿನ ಸ್ವರ್ಣೆಯನ್ನು ಒಂದೇ ಮೇಜಿನ ಮೇಲೆ ಹರಡಿ ನೋಡುವ ಅಧಿಕಾರ ಇರುವುದು ಆ ಸಮಿತಿಗೆ ಮಾತ್ರ. ಈ ಕೊರತೆಯ ಬಗ್ಗೆ ಜಿಲ್ಲೆಯಲ್ಲಿ ಯಾಕೆ ಗದ್ದಲವಾಗಲಿಲ್ಲ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಸಮಿತಿ ಬರುವವರೆಗೆ ಗ್ರಾಮಸಭೆ ಇದೆ. ಹಳೆಯ ಮದ್ರಾಸ್ ಪ್ರಾಂತದ ಸರ್ವೆಯ ಫೀಲ್ಡ್ ಮ್ಯಾಪ್ ಪುಸ್ತಕಗಳಲ್ಲಿ ತೋಡು ಪರಂಬೋಕುಗಳು ಗೆರೆಗೆರೆಯಾಗಿ ದಾಖಲಾಗಿವೆ. ಅವುಗಳ ಪ್ರತಿ ಕೇಳಿ ಪಡೆಯಬಹುದು. ಕುಕ್ಕುಂದೂರಿನ ಒಂದೊಂದು ವಾರ್ಡಿನಲ್ಲಿ ಹಿರಿಯ ಬೇಸಾಯಗಾರರು ಇಬ್ಬರು, ಕಾಲೇಜಿನ ಮಕ್ಕಳು ನಾಲ್ವರು ಸೇರಿ ಮಳೆಗಾಲದ ಒಂದು ಭಾನುವಾರ ತೋಡಿನುದ್ದಕ್ಕೆ ನಡೆದರೆ, ಯಾವ ಮದಕ ಉಳಿದಿದೆ, ಯಾವ ಮೋರಿ ಸಣ್ಣದಾಗಿದೆ, ಯಾವ ಬೈಲಿಗೆ ಎಷ್ಟು ಲೋಡು ಮಣ್ಣು ಬಿದ್ದಿದೆ ಎಂಬುದು ಅದೇ ನಕ್ಷೆಯ ಮೇಲೆ ಬರುತ್ತದೆ. ಅದನ್ನು ಗ್ರಾಮಸಭೆಯಲ್ಲಿ ಓದಿ ನಿರ್ಣಯವಾಗಿ ಬರೆಸಬೇಕು. ಮಾಸ್ಟರ್ ಪ್ಲ್ಯಾನಿನ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕಾಯ್ದೆ ಕೊಡುವುದು 60 ದಿನ. ಆ ದಿನಗಳಲ್ಲಿ ಯೋಜನಾ ಪ್ರಾಧಿಕಾರಕ್ಕೆ ಹೋಗುವ ಅರ್ಜಿಗಳಲ್ಲಿ ಬಹುಪಾಲು ನನ್ನ ಜಾಗವನ್ನು ಹಳದಿ ಮಾಡಿಕೊಡಿ ಎನ್ನುವಂಥವೇ. ಅವುಗಳ ಜತೆಗೆ ಊರಿನ ಸಹಿ, ಸರ್ವೆ ನಂಬರು ಎರಡೂ ಇರುವ ತೋಡುಗಳ ನಕ್ಷೆಯೊಂದು ಹೋದರೆ ಪ್ರಾಧಿಕಾರ ಅದನ್ನು ಪರಿಶೀಲಿಸಲೇಬೇಕಾಗುತ್ತದೆ.